ಡೆಪ್ರಾನ್ ಟ್ರೈನರ್ ಪ್ಲೇನ್ ಕಿಟ್: ಎರಡು ವರ್ಷ ಹಾರ್ಸಿದ ಮೇಲೆ ನನ್ನ ರಿವ್ಯೂ

ಡೆಪ್ರಾನ್ ಅಂದ್ರೆ ಹಗುರ ಫೋಮ್ ಶೀಟು, ಅದನ್ನ ನಾವೇ ಜೋಡ್ಸಿ ಹಾರ್ಸೋ ಈ ಕಿಟ್ ತಗೊಂಡಾಗ ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗಷ್ಟೇ ಮುಗ್ದಿತ್ತು, ಈಗ ಸೆಕೆಂಡ್ ಪಿಯುಸಿನೂ ಮುಗೀತು, ಅಂದ್ರೆ ಹೆಚ್ಚುಕಮ್ಮಿ ಎರಡು ವರ್ಷ ಇದೇ ಪ್ಲೇನ್ ಹಾರ್ಸಿದೀನಿ, ಬೀಳ್ಸಿದೀನಿ, ಅಂಟ್ಸಿ ಮತ್ತೆ ಹಾರ್ಸಿದೀನಿ. ಬಾಕ್ಸ್ ಒಡೆದ ದಿನಾನೇ ಐದು ಸ್ಟಾರ್ ಹಾಕಿರೋ ರಿವ್ಯೂಗಳು ರಾಶಿ ಇದಾವೆ, ತಗೊಳೋ ಮುಂಚೆ ಅವನ್ನೆಲ್ಲ ಕೂತು ಓದಿದ್ದೆ, ಆದ್ರೆ ಮೊದಲ ಸಲ ಬಿದ್ದಾಗ ಏನ್ ಮಾಡ್ಬೇಕು ಅಂತ ಒಬ್ರೂ ಬರ್ದಿರ್ಲಿಲ್ಲ. ಅದಕ್ಕೇ ಹದಿನಾಲ್ಕು ಹದಿನೈದನೇ ವಯಸ್ಸಲ್ಲಿ ಆರ್‌ಸಿ (ರೇಡಿಯೋ ಕಂಟ್ರೋಲ್) ಪ್ಲೇನ್ ಶುರು ಮಾಡ್ಬೇಕು ಅಂತಿರೋರಿಗೆ, ಅವರ ಅಪ್ಪ ಅಮ್ಮನಿಗೆ ಉಪಯೋಗ ಆಗ್ಲಿ ಅಂತ ಸ್ವಲ್ಪ ಉದ್ದಾನೇ ಬರೀತಿದೀನಿ. ಮಾರಿದ ಅಂಗಡಿ ಹೆಸ್ರು ಹಾಕಲ್ಲ, ಇದೇ ಥರದ ಕಿಟ್ ತುಂಬಾ ಜನ ಮಾರ್ತಾರೆ, ಒಳಗಿರೋ ಸಾಮಾನೂ ಹೆಚ್ಚುಕಮ್ಮಿ ಒಂದೇ.

ನಮ್ಮೂರು ಚಿತ್ರದುರ್ಗ. ಪೈಲಟ್ ಇಲ್ದೆ ಹಾರೋ ವಿಮಾನ ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ, ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹತ್ರ ಡಿಆರ್‌ಡಿಒದವರ ಏರೋನಾಟಿಕಲ್ ಟೆಸ್ಟ್ ರೇಂಜ್ ಇದೆ, 2017ರಲ್ಲಿ ಉದ್ಘಾಟನೆ ಆಗಿದ್ದು, ತಪಸ್ ಡ್ರೋನ್ ಹಾರ್ಸಿ ಪರೀಕ್ಷೆ ಮಾಡ್ತಿದ್ದಿದ್ದು ಅಲ್ಲೇ. 2023ರ ಆಗಸ್ಟ್‌ನಲ್ಲಿ ಒಂದು ತಪಸ್ ಪರೀಕ್ಷೆ ಹಾರಾಟದಲ್ಲಿ ಹಿರಿಯೂರು ತಾಲ್ಲೂಕಿನ ಹೊಲಕ್ಕೆ ಬಿತ್ತಲ್ಲ, ಆಗ ನಾನು ಹತ್ತನೇ ಕ್ಲಾಸು. ವಾಟ್ಸಾಪಲ್ಲಿ ಬಂದ ಫೋಟೋನ ಜೂಮ್ ಮಾಡಿ ಮಾಡಿ ನೋಡಿದ್ದೆ, ಇಷ್ಟು ದೊಡ್ಡದನ್ನ ಎಲ್ಲೋ ಕೂತು ಹೆಂಗೆ ತಿರುಗುಸ್ತಾರೆ, ಯಾವ್ದನ್ನ ಅಲ್ಲಾಡ್ಸಿದ್ರೆ ಯಾವ ಕಡೆ ಹೋಗುತ್ತೆ ಅಂತ ತಲೆಗೆ ಹುಳ ಹೊಕ್ಕಿದ್ದು ಅವತ್ತೇ.

ಮೊದ್ಲು ನಂಗೆ ಬೇಕಿದ್ದಿದ್ದು ಫೈಟರ್ ಜೆಟ್ ಥರದ್ದು, ತೇಜಸ್ ನೋಡ್ಕೊಂಡು ಬೆಳೆದೋರಿಗೆ ಅದೇ ಬೇಕು ಅನ್ಸೋದು ಸಹಜ. ದಯವಿಟ್ಟು ಮೊದಲ ಪ್ಲೇನ್ ಆಗಿ ಅದನ್ನ ತಗೋಬೇಡಿ. ಅಂಥ ಆಕಾರದ ಪ್ಲೇನ್‌ಗಳು ಜೋರಾಗಿ ಹೋದ್ರೇನೇ ಗಾಳಿಲಿ ನಿಲ್ಲೋದು, ನೀವು ಯೋಚ್ನೆ ಮಾಡೋಷ್ಟರಲ್ಲಿ ನೆಲದಲ್ಲಿರುತ್ತೆ. ಟ್ರೈನರ್ ಅಂದ್ರೆ ರೆಕ್ಕೆ ಮೈ ಮೇಲ್ಗಡೆ ಇರುತ್ತೆ, ಎರಡೂ ತುದಿ ಸ್ವಲ್ಪ ಮೇಲಕ್ಕೆ ಬಾಗಿರುತ್ತೆ, ಗಾಬರಿಯಾಗಿ ರಿಮೋಟಿನ ಸ್ಟಿಕ್ ಬಿಟ್ರೂ ಸಾಕಷ್ಟು ಎತ್ತರ ಇದ್ರೆ ತಾನಾಗೇ ಸಮಕ್ಕೆ ಬರೋಕೆ ನೋಡುತ್ತೆ. ನೋಡೋಕೆ ಸಪ್ಪೆ, ಆದ್ರೆ ಕಲಿಯೋರಿಗೆ ಅದು ಕೊಡೋ ಆ ಎರಡು ಸೆಕೆಂಡ್ ಇದ್ಯಲ್ಲ, ಅದರ ಬೆಲೆ ಹಾರ್ಸಿದೋರಿಗೇ ಗೊತ್ತು.

ನಾನು ತಗೊಂಡಿದ್ದು 1200 ಮಿಲಿಮೀಟರ್ ರೆಕ್ಕೆಯ ನಾಲ್ಕು ಚಾನೆಲ್ (ಬೇರೆಬೇರೆ ನಾಲ್ಕು ಕಂಟ್ರೋಲ್) ಕಿಟ್. ಲೇಸರಲ್ಲಿ ಕಟ್ ಮಾಡಿರೋ ಡೆಪ್ರಾನ್ ಶೀಟುಗಳು, ಎ2212 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಇಷ್ಟು ಸುತ್ತು) ಮೋಟರ್, ಅದರ ವೇಗ ಹತೋಟಿ ಮಾಡೋ 30 ಆಂಪ್ ಇಎಸ್‌ಸಿ, ರೆಕ್ಕೆ ಬಾಲದ ಪಟ್ಟಿಗಳನ್ನ ಅಲ್ಲಾಡ್ಸೋ ನಾಲ್ಕು 9 ಗ್ರಾಂ ಸರ್ವೋ, 10 ಇಂಚಿನ ಎರಡು ಪ್ರೊಪೆಲ್ಲರ್, ಪುಶ್‌ರಾಡ್ ತಂತಿ (ಸರ್ವೋನ ಪಟ್ಟಿಗೆ ಜೋಡ್ಸೋದು), ಆ ತಂತಿ ಸಿಗ್ಸೋ ಹಾರ್ನು, ಸಣ್ಣಪುಟ್ಟ ಸ್ಕ್ರೂ, ಇಷ್ಟಕ್ಕೆ 3,900 ಕೊಟ್ಟಿದ್ದೆ. ರೇಡಿಯೋ (ಕೈಲಿ ಹಿಡ್ಕೊಳೋ ರಿಮೋಟು), ಬ್ಯಾಟರಿ, ಚಾರ್ಜರ್ ಬೇರೆ. ಎಲ್ಲ ಸೇರಿ ಹತ್ತತ್ರ ಹನ್ನೆರಡು ಸಾವಿರ ಆಯ್ತು, ಅಪ್ಪ ಅರ್ಧ ಕೊಟ್ರು, ಇನ್ನರ್ಧ ನನ್ನ ಹುಂಡಿ ದುಡ್ಡು ಮತ್ತೆ ದೊಡ್ಡಮ್ಮ ರಿಸಲ್ಟಿಗೆ ಅಂತ ಮುಂಚೇನೇ ಕೊಟ್ಟಿದ್ದು. ಕಿಟ್ ಬೆಲೆ ಮಾತ್ರ ನೋಡಿ ಮನೇಲಿ ಒಪ್ಪಿಸ್ಬೇಡಿ, ಪೂರ್ತಿ ಲೆಕ್ಕ ಮೊದ್ಲೇ ಹೇಳಿ, ಆಮೇಲೆ ಒಂದೊಂದಕ್ಕೇ ಕೇಳ್ತಾ ಹೋದ್ರೆ ಮನೆಯವರಿಗೆ ಬೇಜಾರಾಗುತ್ತೆ.

ರೇಡಿಯೋ ಬಗ್ಗೆ ಒಂದ್ ಮಾತು. ನಂದು ಫ್ಲೈಸ್ಕೈ ಎಫ್‌ಎಸ್-ಐ6, 2.4 ಗಿಗಾಹರ್ಟ್ಸ್, ಆರು ಚಾನೆಲ್, ನಾಲ್ಕು ಪೆನ್ಸಿಲ್ ಸೆಲ್ ಹಾಕಿದ್ರೆ ನಡೆಯುತ್ತೆ. ಆನ್ ಮಾಡುವಾಗ ಥ್ರಾಟಲ್ (ವೇಗದ ಸ್ಟಿಕ್) ಕೆಳಗಿಲ್ದಿದ್ರೆ, ಸ್ವಿಚ್‌ಗಳು ಮೇಲಿಲ್ದಿದ್ರೆ ಕೂಗಿ ಎಚ್ಚರಿಸುತ್ತೆ, ಮುಂದಕ್ಕೇ ಹೋಗಲ್ಲ, ನಮ್ಮಂಥ ಹೊಸಬರ ಬೆರಳು ಉಳಿಸೋ ಫೀಚರ್ ಅದು. ಆದ್ರೆ ಇದನ್ನ ತಗೊಳೋಕೆ ನಾನು ಹೇಳೋ ನಿಜವಾದ ಕಾರಣ ಬೇರೆ, ಇದು ತುಂಬಾ ಜನರ ಹತ್ರ ಇದೆ, ಹಿಂದ್ಗಡೆ ಟ್ರೈನರ್ ಪೋರ್ಟ್ ಇದೆ, ಎರಡು ರೇಡಿಯೋನ ಕೇಬಲಲ್ಲಿ ಜೋಡಿಸ್ಬಹುದು. ಅದು ಯಾಕೆ ಬೇಕಾಗುತ್ತೆ ಅಂತ ಮುಂದೆ ಹೇಳ್ತೀನಿ.

ಕಟ್ಟೋಕೆ ನಂಗೆ ಆರು ದಿನ ಹಿಡೀತು. ಅಂಗಡಿಯವರು ಎರಡು ಗಂಟೆ ಅಂತ ಬರ್ದಿದ್ರು, ಗೊತ್ತಿರೋರಿಗೆ ಆಗ್ಬಹುದು. ಶೀಟುಗಳ ಕಟಿಂಗ್ ಮಾತ್ರ ನಿಜವಾಗ್ಲೂ ಚೆನ್ನಾಗಿತ್ತು, ಒಂದರ ತೂತಿಗೆ ಇನ್ನೊಂದರ ಹಲ್ಲು ಬ್ಲೇಡ್ ತಾಗಿಸದೇನೇ ಟಕ್ ಅಂತ ಕೂರ್ತಿತ್ತು, ಮೈಯ ಪೆಟ್ಟಿಗೆ ಅಂಟು ಹಾಕೋಕೂ ಮುಂಚೇನೇ ನೆಟ್ಟಗೆ ನಿಂತಿತ್ತು. ಅಂಟಿನ ವಿಷ್ಯದಲ್ಲಿ ಹುಷಾರಾಗಿರಿ, ಸೆಕೆಂಡಲ್ಲಿ ಅಂಟೋ ಸಣ್ಣ ಟ್ಯೂಬ್ ಗಮ್ ಇರುತ್ತಲ್ಲ ಅದು ಡೆಪ್ರಾನ್ ಮೇಲೆ ಬಿದ್ರೆ ಫೋಮನ್ನ ತಿಂದ್ಬಿಡುತ್ತೆ, ಮಂಜುಗಡ್ಡೆ ಮೇಲೆ ಬಿಸಿನೀರು ಬಿದ್ದಂಗೆ ಗುಂಡಿ ಆಗುತ್ತೆ, ಈ ಮಾತು ಕಿಟ್ ಜೊತೆ ಬಂದ ಹಾಳೆಲಿ ಎಲ್ಲೂ ಇಲ್ಲ. ನನ್ನ ಬಾಲದ ಒಂದು ತುಂಡು ಹಂಗೇ ಹೋಯ್ತು. ಗ್ಲೂ ಗನ್ನನ್ನ ಜಾಸ್ತಿ ಕಾಯೋಕೆ ಬಿಡದೆ ಹಚ್ಚಿದ್ರೆ ಪರ್ವಾಗಿಲ್ಲ, ಮೋಟರ್ ಕೂರೋ ಪ್ಲೈವುಡ್‌ಗೆ ಮಾತ್ರ ಅರಾಲ್ಡೈಟ್ ಹಾಕಿ ಒಂದು ರಾತ್ರಿ ಬಿಡಿ.

ಮೋಟರ್ ಉಲ್ಟಾ ತಿರುಗಿದ್ರೆ ಹೆದ್ರಬೇಡಿ, ಇಎಸ್‌ಸಿಗೆ ಹೋಗೋ ಮೂರು ವೈರಲ್ಲಿ ಯಾವ್ದಾದ್ರೂ ಎರಡನ್ನ ಅದಲು ಬದಲು ಮಾಡಿದ್ರೆ ಸರಿಯಾಗುತ್ತೆ. ಪ್ರೊಪೆಲ್ಲರ್ ಮೇಲೆ ಅಳತೆ ಬರ್ದಿರೋ ಮುಖ ಪ್ಲೇನ್ ಹೋಗೋ ದಿಕ್ಕಿಗೆ ಇರ್ಬೇಕು. ಈ ಪರೀಕ್ಷೆ ಎಲ್ಲ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಿ, ತಿರುಗೋ ದಿಕ್ಕು ನೋಡೋಕೆ ಶಾಫ್ಟಿಗೆ ಒಂದು ಚೂರು ಟೇಪ್ ಅಂಟ್ಸಿದ್ರೆ ಸಾಕು. ಮನೆ ಒಳಗಡೆ ಪ್ರೊಪೆಲ್ಲರ್ ಹಾಕಿ ಬ್ಯಾಟರಿ ಕೊಡ್ಲೇಬೇಡಿ, ಚಿಕ್ಕ ಮಕ್ಕಳಿರೋ ಮನೆ ಅಂದ್ರೆ ಇನ್ನೂ.

ಇನ್ನು ಕಂಪ್ಲೇಂಟ್. ಮೊದಲನೇದು ಆ ಹಾಳೆ, ಒಂದೇ ಪುಟ, ಕಪ್ಪುಬಿಳುಪು ಜೆರಾಕ್ಸು, ಸೆಂಟರ್ ಆಫ್ ಗ್ರ್ಯಾವಿಟಿ ಎಲ್ಲಿರ್ಬೇಕು ಅಂತಾನೇ ಬರ್ದಿಲ್ಲ. ಪ್ಲೇನ್ ಹಾರುತ್ತೋ ಇಲ್ವೋ ಅಂತ ತೀರ್ಮಾನ ಮಾಡೋದೇ ಅದು ಕಣ್ರೀ. ಇಂಥ ಟ್ರೈನರಿಗೆ ರೆಕ್ಕೆಯ ಮುಂದಿನ ಅಂಚಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರ್ಬೇಕು, ನನ್ನ ರೆಕ್ಕೆ 18 ಸೆಂಟಿಮೀಟರ್ ಅಗಲ, ಹಂಗಾಗಿ 5 ಸೆಂಟಿಮೀಟರ್ ಹತ್ರ ಎರಡೂ ಕಡೆ ಪೆನ್ನಲ್ಲಿ ಚುಕ್ಕಿ ಇಟ್ಟು, ಅಲ್ಲಿಗೆ ಎರಡು ಬೆರಳು ಕೊಟ್ಟು ಎತ್ತಿದ್ರೆ ಪ್ಲೇನ್ ತಕ್ಕಡಿ ಥರ ಸಮ ನಿಲ್ಬೇಕು, ಮೂತಿ ಒಂಚೂರು ಕೆಳಗೆ ಬಾಗಿದ್ರೂ ಸರಿ, ಬಾಲ ಮಾತ್ರ ಬಾಗ್ಬಾರ್ದು. ಬ್ಯಾಟರಿನ ಹಿಂದೆ ಮುಂದೆ ಜರುಗ್ಸಿ ಇದನ್ನ ಸರಿ ಮಾಡ್ಕೋಬೇಕು.

ಎರಡನೇದು ಪುಶ್‌ರಾಡ್. ತಂತಿ ಎಷ್ಟು ತೆಳು ಅಂದ್ರೆ ಸರ್ವೋ ಎಳೆದಾಗ ಎಲಿವೇಟರ್ (ಮೂತಿನ ಮೇಲೆ ಕೆಳಗೆ ಮಾಡೋ ಬಾಲದ ಪಟ್ಟಿ) ಬರುತ್ತೆ, ತಳ್ಳಿದಾಗ ತಂತಿ ಬಿಲ್ಲಿನ ಥರ ಬಾಗುತ್ತೆ, ಎಲಿವೇಟರ್ ಅಲ್ಲಾಡೋದೇ ಇಲ್ಲ. ಸೈಕಲ್ ಶಾಪಿಂದ ಸ್ಪೋಕ್ ತಂದು, ತುದಿನ ಇಕ್ಕಳದಲ್ಲಿ ಝಡ್ ಆಕಾರಕ್ಕೆ ಬಗ್ಗಿಸಿ, ಸರ್ವೋ ಹಾರ್ನಿನ ತೂತನ್ನ ಕಾಯಿಸಿದ ಸೂಜಿಲಿ ದೊಡ್ದು ಮಾಡಿ ಹಾಕ್ಕೊಂಡೆ, ಇವತ್ತಿಗೂ ಅದೇ ಇದೆ. ಸ್ಪೋಕ್ ತೂಕ ಜಾಸ್ತಿ ಅಲ್ವಾ, ಬಾಲ ಭಾರ ಆಯ್ತು, ಅದಕ್ಕೆ ಬ್ಯಾಟರಿನ ಒಂದು ಬೆರಳಗಲ ಮುಂದಕ್ಕೆ ತಳ್ಳಬೇಕಾಯ್ತು. ಒಂದು ಕಡೆ ಕೈ ಹಾಕಿದ್ರೆ ಇನ್ನೊಂದು ಕಡೆ ಸರಿ ಮಾಡ್ಬೇಕು ಅನ್ನೋದು ಯಾವ ಹಾಳೆ ಓದಿದ್ರೂ ಇಷ್ಟು ಚೆನ್ನಾಗಿ ತಲೆಗೆ ಹೋಗ್ತಿರ್ಲಿಲ್ಲ. ಮೂರನೇದು ಬ್ಯಾಟರಿ, ಅವರ ಹತ್ರಾನೇ ಬೇರೆ ದುಡ್ಡು ಕೊಟ್ಟು ತಗೊಂಡಿದ್ದು ಬರ್ತಾನೇ ದಿಂಬಿನ ಥರ ಊದಿತ್ತು. ಫೋಟೋ ಕಳ್ಸಿ ಫೋನ್ ಮಾಡಿದ್ಮೇಲೆ ಬದಲು ಕೊಟ್ರು, ಆದ್ರೆ ಹನ್ನೆರಡು ದಿನ ಆಯ್ತು, ಬೇಸಿಗೆ ರಜೆಯ ಹನ್ನೆರಡು ದಿನ.

ಆ ಹನ್ನೆರಡು ದಿನದಲ್ಲಿ ಫೋನಲ್ಲಿ ಪಿಕಾಸಿಮ್ ಅನ್ನೋ ಫ್ರೀ ಸಿಮ್ಯುಲೇಟರ್ ಹಾಕ್ಕೊಂಡು ಅಭ್ಯಾಸ ಮಾಡ್ದೆ. ಪ್ಲೇನ್ ನಮ್ಮಿಂದ ದೂರ ಹೋಗುವಾಗ ಎಡ ಬಲ ಸರಿಯಾಗೇ ಇರುತ್ತೆ, ತಿರುಗಿ ನಮ್ಮ ಕಡೆ ಬರುವಾಗ ಎಲ್ಲ ಉಲ್ಟಾ, ಇದೇ ಎಲ್ಲರಿಗೂ ಕಷ್ಟ ಆಗೋದು. ನಮ್ಮ ಕಡೆ ಬರುವಾಗ ಯಾವ ರೆಕ್ಕೆ ಕೆಳಗೆ ಬಾಗಿದ್ಯೋ ಆ ಕಡೆಗೇ ಸ್ಟಿಕ್ ತಳ್ಳಿ, ಬೀಳ್ತಿರೋ ಗೋಡೆಗೆ ಆನಿಕೆ ಕೊಟ್ಟಂಗೆ ಅಂದ್ಕೊಳಿ, ಸಮಕ್ಕೆ ಬರುತ್ತೆ. ಸಿಮ್ಯುಲೇಟರಲ್ಲಿ ಇದು ಕೈಗೆ ಕೂರೋವರೆಗೂ ನಿಜವಾದ ಪ್ಲೇನ್ ಎಸೀಬೇಡಿ.

ಮೊದಲ ಹಾರಾಟ ನಮ್ಮ ಚಿಕ್ಕಪ್ಪನ ಊರಿನ ಕೆರೆ ಅಂಗಳದಲ್ಲಿ, ಬೇಸಿಗೇಲಿ ಕೆರೆ ಪೂರ್ತಿ ಒಣಗಿತ್ತು, ಬೆಳಗ್ಗೆ ಆರೂವರೆ. ತಮ್ಮ ಎಸೆದ, ನಾನು ಫುಲ್ ಥ್ರಾಟಲ್ ಕೊಟ್ಟು ಎಲಿವೇಟರ್ ಸ್ಟಿಕ್ಕನ್ನ ನನ್ನ ಕಡೆ ಎಳೆದೆ, ಮೂತಿ ಮೇಲೆ ಏಳ್ಬೇಕಿತ್ತು, ನೇರ ನೆಲಕ್ಕೆ ಹೋಯ್ತು. ಮೂರು ಸೆಕೆಂಡ್ ಆಗಿರ್ಬಹುದು ಅಷ್ಟೇ. ಎಲಿವೇಟರ್ ಉಲ್ಟಾ ಇತ್ತು, ರೇಡಿಯೋಲಿ ರಿವರ್ಸ್ ಅಂತ ಒಂದು ಮೆನು ಇದೆ ಅದನ್ನ ಬದಲಾಯ್ಸಿದ್ರೆ ಮುಗೀತಿತ್ತು, ಹಾರಿಸೋ ಮುಂಚೆ ಪ್ಲೇನ್ ಹಿಂದೆ ನಿಂತು ಪ್ರತಿಯೊಂದು ಸ್ಟಿಕ್ಕೂ ಅಲ್ಲಾಡ್ಸಿ ನೋಡಬೇಕು ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ಈಗ ನಿಮಗೆ ಹೇಳ್ತಿದೀನಿ: ಸ್ಟಿಕ್ ನಿಮ್ಮ ಕಡೆ ಎಳೆದ್ರೆ ಎಲಿವೇಟರಿನ ಹಿಂದಿನ ಅಂಚು ಮೇಲೆ ಬರ್ಬೇಕು, ಬಲಕ್ಕೆ ತಳ್ಳಿದ್ರೆ ಬಲ ರೆಕ್ಕೆಯ ಪಟ್ಟಿ ಮೇಲೆ, ಎಡದ್ದು ಕೆಳಗೆ. ಪ್ರತೀ ಸಲ ನೋಡಿ, ನಿನ್ನೆ ಸರಿ ಇತ್ತು ಅಂತ ಬಿಡ್ಬೇಡಿ.

ಪ್ರೊಪೆಲ್ಲರ್ ಎರಡು ತುಂಡು, ಮೂತಿ ಒಳಗೆ ಹೋಗಿತ್ತು, ಮೈ ರೆಕ್ಕೆ ಹಿಂದ್ಗಡೆ ಮುರಿದಿತ್ತು, ಒಂದು ಸರ್ವೋದ ಪ್ಲಾಸ್ಟಿಕ್ ಹಲ್ಲು ಸವೆದು ಕರ್ರ್ ಅಂತಿತ್ತು. ಅತ್ತುಬಿಟ್ಟೆ, ನಿಜ ಹೇಳ್ತೀನಿ. ಆದ್ರೆ ಈ ಕಿಟ್ಟಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡೋದು ಇಲ್ಲೇನೇ. ಪ್ರತಿ ತುಂಡನ್ನೂ ನನ್ನ ಕೈಯಾರೆ ಜೋಡ್ಸಿದ್ದೆ, ಹಂಗಾಗಿ ಎಲ್ಲಿ ಮುರಿದಿದೆ, ಒಳಗೆ ಏನಿದೆ ಅಂತ ಗೊತ್ತಿತ್ತು. ಬಿದಿರು ಕಡ್ಡಿನ ಮೈ ಎರಡೂ ಕಡೆ ಒಳಗಿಂದ ಅಂಟ್ಸಿ, ಮೇಲೆ ಪ್ಯಾಕಿಂಗ್ ಟೇಪ್ ಸುತ್ತಿ, ಮೂತಿಗೆ ಉಳಿದ ಡೆಪ್ರಾನ್ ಚೂರು ಕೂರ್ಸಿದೆ, ಎರಡು ದಿನದಲ್ಲಿ ರೆಡಿ. ಖರ್ಚಾಗಿದ್ದು ಸರ್ವೋಗೆ ಮಾತ್ರ. ಅದೇ ರೆಡಿ ಮಾಡಿ ಮಾರೋ ಪ್ಲೇನ್ ಆಗಿದ್ರೆ ಅವತ್ತೇ ಬೀರು ಮೇಲೆ ಹೋಗಿರೋದು, ನನ್ನ ಕ್ಲಾಸ್‌ಮೇಟ್ ಒಬ್ಬನದು ಇನ್ನೂ ಅವರ ಮನೆ ಬೀರು ಮೇಲೇ ಇದೆ.

ಎರಡನೇ ಸಲ ಒಬ್ಳೇ ಹೋಗ್ಲಿಲ್ಲ. ಪಕ್ಕದ ಬೀದಿ ಅಣ್ಣ ಒಬ್ರು ಎನ್‌ಸಿಸಿ ಏರ್ ವಿಂಗಲ್ಲಿದ್ದಾಗ ಏರೋಮಾಡೆಲಿಂಗ್ ಮಾಡಿದ್ದೋರು, ಅವರ ಹತ್ರಾನೂ ಇದೇ ರೇಡಿಯೋ ಇತ್ತು, ಆಗ ಆ ಟ್ರೈನರ್ ಕೇಬಲ್ ಉಪಯೋಗಕ್ಕೆ ಬಂತು. ಮೇಲೆ ಎತ್ಕೊಂಡು ಹೋಗಿದ್ದು ಅವ್ರು, ಒಳ್ಳೆ ಎತ್ತರಕ್ಕೆ ಹೋದ್ಮೇಲೆ ಒಂದು ಸ್ವಿಚ್ ಹಾಕಿ "ಈಗ ನಿನ್ ಕೈಲಿದೆ ನೋಡಮ್ಮಾ" ಅಂದ್ರು. ನಾನು ಎಡವಟ್ಟು ಮಾಡ್ದಾಗೆಲ್ಲ ಅವ್ರು ಸ್ವಿಚ್ ಹಿಂದಕ್ಕೆ ಹಾಕಿದ್ರೆ ಪ್ಲೇನ್ ಅವರ ಕೈಗೆ ವಾಪಸ್. ಹತ್ತು ನಿಮಿಷ, ಒಂದು ಬ್ಯಾಟರಿ, ದೊಡ್ಡ ದೊಡ್ಡ ಎಡ ತಿರುವು ಮಾತ್ರ. ಇಳಿದಾಗ ನನ್ನ ಹೆಬ್ಬೆರಳು ಸ್ಟಿಕ್ಕಿಂದ ತೆಗೆಯೋಕೆ ಬರ್ತಿರ್ಲಿಲ್ಲ, ಅಷ್ಟು ಬಿಗಿ ಹಿಡ್ದಿದ್ದೆ. ಡ್ಯುಯಲ್ ರೇಟ್ 60 ಪರ್ಸೆಂಟಿಗೆ ಇಳ್ಸಿ ಕೊಟ್ಟಿದ್ದೂ ಅವ್ರೇ, ಅಂದ್ರೆ ಸ್ಟಿಕ್ ಪೂರ್ತಿ ತಳ್ಳಿದ್ರೂ ಪ್ಲೇನ್ ಅಷ್ಟು ಜೋರಾಗಿ ತಿರುಗಲ್ಲ. ಗೊತ್ತಿರೋರು ಒಬ್ರು ಪಕ್ಕದಲ್ಲಿರೋದು ಐದು ಸಾವಿರದ ಪ್ಲೇನಿಗಿಂತ ಮುಖ್ಯ, ಮೊದ್ಲು ಅಂಥೋರನ್ನ ಹುಡುಕಿ, ಆಮೇಲೆ ಆರ್ಡರ್ ಹಾಕಿ.

ಗಾಳಿ ವಿಷ್ಯ. ನಮ್ಮೂರಿನ ಗುಡ್ಡದ ಮೇಲೆ ಗಾಳಿ ಫ್ಯಾನುಗಳಿದಾವಲ್ಲ, ಅವು ಗಾಳಿ ಬರೋ ಕಡೆಗೇ ಮುಖ ಮಾಡಿರ್ತವೆ, ನಾನು ಮನೆ ಟೆರೇಸಿಂದ ಅವನ್ನ ನೋಡ್ಕೊಂಡೇ ಹೊರಡೋದು. ಯಾವಾಗ್ಲೂ ಗಾಳಿಗೆ ಎದುರಾಗಿ ಎಸೀಬೇಕು, ಗಾಳಿಗೆ ಎದುರಾಗೇ ಇಳಿಸ್ಬೇಕು. ಜೂನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಈ ಪ್ಲೇನ್ ಹಾರ್ಸೋದು ಬೇಡ, ಫೋಮ್ ಪ್ಲೇನು ಗಾಳಿಗೆ ಸಿಕ್ಕಿದ ಹಾಳೆ ಥರ ಆಗುತ್ತೆ. ಶೇಂಗಾ ಕಿತ್ತಾದ್ಮೇಲೆ ಹೊಲ ಖಾಲಿ ಇರುತ್ತೆ, ಮಣ್ಣು ಮೆತ್ತಗಿರುತ್ತೆ, ಬೆಳಗ್ಗೆ ಎಂಟರೊಳಗೆ ಗಾಳಿ ಸುಮ್ನಿರುತ್ತೆ, ಇಡೀ ವರ್ಷದಲ್ಲಿ ಕಲಿಯೋಕೆ ಅದೇ ಒಳ್ಳೆ ಟೈಮು. ಹೊಲದ ಯಜಮಾನ್ರನ್ನ ಕೇಳೇ ಇಳೀರಿ.

ಒಂದ್ಸಲ ಪ್ಲೇನ್ ಬಳ್ಳಾರಿ ಜಾಲಿ ಪೊದೆ ಒಳಗೆ ಹೋಗಿ ಸಿಕ್ಕಾಕ್ಕೊಂತು, ಆ ಮುಳ್ಳಿನೊಳಗೆ ಕೈ ಹಾಕೋಕೆ ಆಗಲ್ಲ. ಅಲ್ಲೇ ಕುರಿ ಕಾಯ್ತಿದ್ದ ಅಜ್ಜ ಒಬ್ರು ಬಂದು ಮೊದ್ಲು "ಏನವ್ವಾ ಇದು, ಫೋಟೋ ತೆಗೀತೈತಾ?" ಅಂತ ಕೇಳಿದ್ರು, ಇಲ್ಲ ತಾತ ಇದರಲ್ಲಿ ಕ್ಯಾಮರಾ ಇಲ್ಲ ಅಂತ ರೇಡಿಯೋ ತೋರ್ಸಿದೆ. ಆಮೇಲೆ ಅವರ ದೋಟಿನ ಪೊದೆ ಒಳಗೆ ಬಿಟ್ಟು, ಅದರ ಕೊಕ್ಕೆನ ಮೋಟರ್ ಹಿಂದ್ಗಡೆ ಸಿಗಿಸಿ, ರೆಕ್ಕೆಗೆ ಒಂದು ಮುಳ್ಳು ಗೀಚದಂಗೆ ನಿಧಾನಕ್ಕೆ ಎಳೆದು ಕೈಗೆ ಕೊಟ್ರು, ಕುರಿ ಮರಿ ಎತ್ತಿ ಕೊಟ್ಟಂಗೆ. ಅವತ್ತು ಅವರು ಪೂರ್ತಿ ಬ್ಯಾಟರಿ ಮುಗಿಯೋವರೆಗೂ ನಿಂತು ನೋಡಿದ್ರು. ಯಾರಾದ್ರೂ ಬಂದು ಕೇಳಿದ್ರೆ ಇಳಿಸಿ, ಕೈಗೆ ಕೊಟ್ಟು ತೋರ್ಸಿ, ಊರವರ ಅನುಮಾನ ಅಲ್ಲೇ ಹೋಗುತ್ತೆ.

ನಿಯಮಾನೂ ಒಂದ್ಸಲ ನೋಡ್ಕೊಳಿ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ಮೇಲೆ 2 ಕೆಜಿ ಒಳಗಿರೋದು ಮೈಕ್ರೋ ವರ್ಗ, ದುಡ್ಡಿನ ಕೆಲಸಕ್ಕೆ ಬಳಸದಿದ್ರೆ ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ, ನನ್ನ ಪ್ಲೇನ್ ಹೊಸದಿದ್ದಾಗ ಬ್ಯಾಟರಿ ಸೇರಿ 750 ಗ್ರಾಂ ಇತ್ತು. ಗ್ರೀನ್ ಝೋನಲ್ಲಿ (ಮುಂಚೆ ಅನುಮತಿ ಬೇಡದ ಜಾಗ) 400 ಅಡಿವರೆಗೆ ಹಾರಿಸ್ಬಹುದು, ಯಾವ ಜಾಗ ಯಾವ ಝೋನ್ ಅಂತ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ಸಿಗುತ್ತೆ. ಬೆಂಗಳೂರಿನೋರು ಮ್ಯಾಪ್ ನೋಡ್ದೆ ಎಲ್ಲೂ ಹಾರಿಸ್ಬೇಡಿ, ಅಲ್ಲಿ ಎಚ್‌ಎಎಲ್, ಯಲಹಂಕ, ಜಕ್ಕೂರು ಎಲ್ಲ ಊರೊಳಗೇ ಇವೆ. ಆ ಟೆಸ್ಟ್ ರೇಂಜ್ ಇರೋದ್ರಿಂದ ನಾವೂ ಚಳ್ಳಕೆರೆ ಕಡೆ ನೆಂಟರ ಮನೆಗೆ ಹೋದ್ರೆ ಪ್ಲೇನ್ ತಗೊಂಡೇ ಹೋಗಲ್ಲ.

ಬ್ಯಾಟರಿ 3 ಸೆಲ್ಲಿನ ಲೈಪೋ (ಲಿಥಿಯಂ ಪಾಲಿಮರ್), 2200 ಎಂಎಎಚ್. ಚಾರ್ಜರಲ್ಲಿ ಬ್ಯಾಲೆನ್ಸ್ (ಎಲ್ಲ ಸೆಲ್ಲೂ ಸಮ ಚಾರ್ಜ್ ಆಗೋದು) ಅಂತ ಇಟ್ಟು 2.2 ಆಂಪಲ್ಲಿ ಚಾರ್ಜ್ ಮಾಡಿ, ಪೂರ್ತಿ ಆದ್ಮೇಲೆ 12.6 ವೋಲ್ಟ್. ರಾತ್ರಿ ಹಾಕಿ ಮಲಗೋದು ಬೇಡವೇ ಬೇಡ, ನಾನು ಅಡುಗೆಮನೆ ಕಡಪ ಕಲ್ಲಿನ ಮೇಲೆ ಇಟ್ಟು ಎದುರಿಗೇ ಕೂತಿರ್ತೀನಿ. ಪರೀಕ್ಷೆ ಟೈಮಲ್ಲಿ ತಿಂಗಳುಗಟ್ಟಲೆ ಮುಟ್ಟಲ್ಲ ಅಂದ್ರೆ ಸೆಲ್ಲಿಗೆ 3.8 ವೋಲ್ಟ್ ಹತ್ರ ಇಟ್ಟು ಎತ್ತಿಡಿ, ಫುಲ್ ಇಟ್ರೆ ಹಾಳಾಗುತ್ತೆ, ಖಾಲಿ ಬಿಟ್ರೂ ಹಾಳಾಗುತ್ತೆ. ಟೈಮರ್ ಎಂಟು ನಿಮಿಷಕ್ಕೆ ಇಡಿ, ಇನ್ನೂ ಎರಡು ಮೂರು ನಿಮಿಷ ಉಳಿದಿರುತ್ತೆ, ಒಂದು ಸಲ ಇಳಿಸೋಕೆ ಆಗದೆ ಇನ್ನೊಂದು ಸುತ್ತು ಹೊಡೀಬೇಕಾದಾಗ ಅದು ಬೇಕು.

ಸ್ಟಾರ್ ಕೊಡ್ಬೇಕು ಅಂದ್ರೆ ಫೋಮ್ ಕಟಿಂಗಿಗೆ ಐದು, ಮೋಟರಿಗೆ ಐದು, ಎರಡು ವರ್ಷದಲ್ಲಿ ಅದರ ಶಾಫ್ಟ್ ಒಂದೇ ಸಲ ಬದಲಾಯ್ಸಿದ್ದು. ಸರ್ವೋಗಳಿಗೆ ಮೂರು, ಈಗ ನಾಲ್ಕೂ ಮೆಟಲ್ ಗೇರ್ ಹಾಕಿದೀನಿ. ಆ ಹಾಳೆಗೆ ಒಂದು ಕೊಡೋಕೂ ಮನಸ್ಸಿಲ್ಲ, ಮಕ್ಕಳು ತಗೊಳೋ ವಸ್ತುಗೆ ನಾಲ್ಕು ಪುಟ ಸರಿಯಾಗಿ, ಅದೂ ಕನ್ನಡದಲ್ಲಿ ಬರ್ದು ಕೊಟ್ಟಿದ್ರೆ ನನ್ನ ಮೊದಲ ಪ್ಲೇನ್ ಮೂರು ಸೆಕೆಂಡಲ್ಲಿ ಬೀಳ್ತಿರ್ಲಿಲ್ಲ. ಒಟ್ಟಾರೆ ನಾಲ್ಕು. ಕೂತು ಅಂಟ್ಸೋ ತಾಳ್ಮೆ ಇಲ್ಲ, ಬಂದ ದಿನಾನೇ ಹಾರಿಸ್ಬೇಕು ಅನ್ನೋರಿಗೆ ಇದು ಬೇಡ. ಇನ್ನೂ ಕಮ್ಮಿ ದುಡ್ಡಲ್ಲಿ ಮಾಡ್ಬೇಕು ಅನ್ನೋರು ಯೂಟ್ಯೂಬಿನ ಫ್ಲೈಟ್ ಟೆಸ್ಟ್‌ನವರು ಫ್ರೀಯಾಗಿ ಕೊಡೋ ಪ್ಲಾನ್ ಪ್ರಿಂಟ್ ಹಾಕಿ ಶೀಟ್ ತಾವೇ ಕತ್ತರಿಸ್ಬಹುದು, ನನ್ನ ಎರಡನೇ ಪ್ಲೇನ್ ಹಂಗೇ ಮಾಡ್ತಿರೋದು.

ಈ ಹಳೇ ಪ್ಲೇನ್ ಅಂಟು ಟೇಪು ಬಿದಿರು ಕಡ್ಡಿ ಎಲ್ಲ ಸೇರಿ ಈಗ 860 ಗ್ರಾಂ ತೂಗುತ್ತೆ, ಎಡ ರೆಕ್ಕೆ ಮೂರನೇದು. ಮೊನ್ನೆ ಅದೇ ಅಂಗಡಿಗೆ ಬರೀ ಫೋಮ್ ಸೆಟ್ ಆರ್ಡರ್ ಹಾಕಿದೀನಿ, ತಮ್ಮನಿಗೆ ಈ ವರ್ಷ ಹದಿಮೂರು ತುಂಬುತ್ತೆ, ಮೋಟರ್ ಸರ್ವೋ ಎಲ್ಲ ಇದರದ್ದೇ ತೆಗೆದು ಹಾಕೋದು, ಆದ್ರೆ ಅಂಟು ಹಚ್ಚೋದು ಅವನೇ. ಕೇಬಲ್ಲು ಆ ಅಣ್ಣನ ಹತ್ರ ಕೇಳಿ ಇಟ್ಕೊಂಡಿದೀನಿ.